ವೆನ್ಸು ಮಾವನ ತಾಮ್ರದ ಕೊಳವೆ

...ಇಲ್ಲ, ಇಲ್ಲ, ಇಲ್ಲ! ಅದನ್ನ ವಾಪಸ್ ಡಬ್ಬೀಲಿಡು. ಅಂಥ ಸಾಮಾನನ್ನ ನನ್ನ ಗ್ಯಾರೇಜಿನೊಳಗೆ ತರೋಕೆ ನಿನಗೆ ಧೈರ್ಯವಾದ್ರೂ ಹೇಗೆ ಬಂತು ರೋಮಿ? ಬೇರೆ ಯಾರಾದ್ರೂ ತಂದಿದ್ರೆ ಬಾಗಿಲಲ್ಲೇ ನಿಲ್ಲಿಸಿ ಬಂದ ದಾರಿ ತೋರಿಸ್ತಿದ್ದೆ. ನೀನು ನನ್ನ ಅಕ್ಕನ ಮಗಳು, ಹಾಳಾಗಿ ಹೋಗ್ಲಿ ಅಂತ ಬಿಟ್ಟಿದೀನಿ.

ಏನಿದು, ಏರ್ ಫಿಲ್ಟರ್ರಾ? ನಾನು ಐಸ್‌ಕ್ರೀಮ್ ಅಂದ್ಕೊಂಡೆ. ಕೋನ್ ಐಸ್‌ಕ್ರೀಮ್. ಕೆಂಪು ಬಣ್ಣ ಬೇರೆ! ...ನಗಬೇಡ. ಯಾಕೆ ನಗ್ತೀಯ? ಮೊದಲು ಬಾಯಲ್ಲಿರೋ ಆ ಪಾಸ್ಟಿತ್ಸಿ ಪಫ್ ನುಂಗು, ಆಮೇಲೆ ನಗು. ಪುಡಿಯೆಲ್ಲ ಇಂಜಿನ್ ಮೇಲೆ ಉದುರ್ತಿದೆ. ನಿಮ್ಮತ್ತೆ ಚೆಟ್ಟೀನಾ ಬೆಳಿಗ್ಗೆ ಎದ್ದು ಸುಟ್ಟು ಕಳಿಸಿದ್ದು ನೀನು ತಿನ್ನಲಿ ಅಂತ, ಫಾಲ್ಕನ್ ಕಾರು ತಿನ್ನಲಿ ಅಂತಲ್ಲ.

ಹೇಳು ಈಗ. ಈ ಐಸ್‌ಕ್ರೀಮನ್ನ ಎಲ್ಲಿ ಕೂರಿಸ್ತೀಯ? ತೋರಿಸು. ...ಅಲ್ಲಿ? ಸರಿ. ಅದರ ಪಕ್ಕದಲ್ಲಿ ಏನಿದೆ? ...ಹಾಂ, ಟರ್ಬೊ. ಟರ್ಬೊ ಅಂತ ಗೊತ್ತಿದೆಯಲ್ಲ, ಬುದ್ಧಿವಂತೆ! ನೀನು ಕಾಲು ಒತ್ತಿ ಓಡಿಸಿದಾಗ ಅದು ಕೆಂಡದ ಹಾಗೆ ಕೆಂಪಗಾಗತ್ತೆ. ಅದರ ಬಗಲಲ್ಲಿ ಬಾಯಿ ತೆರೆದಿಟ್ರೆ ನಿನ್ನ ಇಂಜಿನ್ ಉಸಿರಾಡೋದು ಯಾವ ಗಾಳೀನ? ಚೆಟ್ಟೀನಾ ಓವನ್ ಬಾಗಿಲು ತೆಗೆದು, ಅದರೊಳಗೆ ನಿನ್ನ ತಲೆ ಹಾಕಿ, ‘ಉಸಿರು ಎಳ್ಕೋ, ಈಗ ಓಡು’ ಅಂದ್ರೆ ಎಷ್ಟು ದೂರ ಓಡ್ತೀಯ?

ಸದ್ದು? ಸದ್ದು ಚೆನ್ನಾಗಿ ಬರತ್ತೆ ಅಂತಾನಾ? ಹುಸ್ ಅಂತ ಗಾಳಿ ಎಳೆಯೋದು ಕೇಳ್ಸತ್ತೆ ಅಂತಾನಾ? ಅಯ್ಯೋ ತಾಯಿ, ಸದ್ದೇ ಬೇಕಾದ್ರೆ ನಿನ್ನ ಟ್ರಾಮಿನ ಗಂಟೆ ಬಿಚ್ಚಿ ತಂದು ಇದಕ್ಕೆ ಕಟ್ಟು. ಟಿಣ್ ಟಿಣ್ ಅಂತ ಹೋಗು. ಎಲ್ಲರೂ ಪಕ್ಕಕ್ಕೆ ಸರೀತಾರೆ, ಗೆದ್ದು ಬರ್ತೀಯ.

ಇಲ್ಲ, ಟ್ರಾಮ್ ಓಡಿಸೋರ ಬಗ್ಗೆ ನನಗೆ ಗೌರವ ಇದೆ! ಯಾರು ಇಲ್ಲ ಅಂದ್ರು? ವಾರವೆಲ್ಲ ಕಂಬಿ ಮೇಲೆ ಹೋಗೋಳು, ಭಾನುವಾರ ಹೀತ್‌ಕೋಟ್‌ಗೆ ಹೋಗಿ ನೇರ ಓಟದ ಕಾರ್ ರೇಸಿಗೆ ನಿಲ್ತೀನಿ ಅಂತೀಯ. ಸರಿಯಾಗೇ ಇದೆ. ಸ್ಟೇರಿಂಗ್ ಹೇಗೂ ಮರ್ತಿರ್ತೀಯ, ತಿರುವು ಇಲ್ಲದ ಓಟವೇ ನಿನಗೆ ಲಾಯಕ್ಕು... ಏಯ್! ಆ ಚಿಂದಿ ಬಟ್ಟೆ ಎಸೀಬೇಡ. ಗ್ರೀಸ್ ಇದೆ ಅದರಲ್ಲಿ.

ಕೇಳು. ಗಾಳಿ ವಿಷಯ ಇಷ್ಟೇ. ಹಳೇ ಫಿಲ್ಟರ್ ಪೆಟ್ಟಿಗೆ ತೆಗೀತೀನಿ. ಅದಕ್ಕಿಂತ ದೊಡ್ಡ ಪೆಟ್ಟಿಗೆ ನನ್ನ ಹತ್ರ ಇದೆ, ಮುಚ್ಚಳ ಭದ್ರವಾಗಿ ಕೂರತ್ತೆ, ಮೂತಿ ಮುಂದಿನ ಜಾಲರಿ ಹಿಂದೆ ಬರತ್ತೆ. ಹೊರಗಿನ ತಣ್ಣನೆ ಗಾಳಿ ಸೀದಾ ಒಳಗೆ. ಬಿಸಿಗೂ ಅದಕ್ಕೂ ಸಂಬಂಧ ಇಲ್ಲ. ನೋಡೋಕೆ ಟಿಫಿನ್ ಡಬ್ಬಿ ಹಾಗಿರತ್ತೆ, ಒಪ್ಕೋತೀನಿ. ಬಾನೆಟ್ ಎತ್ತಿ ಸ್ನೇಹಿತರಿಗೆ ತೋರಿಸೋ ಹಾಗಿಲ್ಲ. ಆದ್ರೆ ಬಾನೆಟ್ ಎತ್ತಿಟ್ಕೊಂಡು ಯಾರೂ ರೇಸ್ ಓಡಲ್ಲ ಅಲ್ವಾ?

ಏನು? ...ಏನಂದೆ? ಬಾನೆಟ್ ಒಳಗೆ ತಲೆ ಹಾಕ್ಕೊಂಡು ಮಾತಾಡಬೇಡ ಅಂತ ಎಷ್ಟು ಸಲ ಹೇಳ್ಲಿ ನಿನಗೆ? ನನ್ನ ಜೊತೆ ಮಾತಾಡೋದಾದ್ರೆ ನನ್ನ ಕಡೆ ತಿರುಗು. ಕಾರಿನ ಜೊತೆ ಮಾತಾಡೋದಾದ್ರೆ ಹೇಳು, ನಿಮ್ಮಿಬ್ಬರನ್ನೇ ಬಿಟ್ಟು ಹೋಗ್ತೀನಿ. ಆ ಟೋಪಿನೂ ತೆಗಿ. ಮುಖ ಅರ್ಧ ಮುಚ್ಚಿದೆ. ಹಿರಿಯರ ಮುಂದೆ ಟೋಪಿ ತೆಗೆದು ಮಾತಾಡೋ ಮರ್ಯಾದೆ ನಿಮ್ಮಮ್ಮ ಕಲಿಸ್ಲಿಲ್ವಾ? ...ಹಾಂ, ಈಗ ಸರಿ. ಈಗ ಹೇಳು.

ಸೈಲೆನ್ಸರ್. ಬರ್ತೀನಿ, ಅಲ್ಲಿಗೇ ಬರ್ತೀನಿ. ಒಳಗೆ ಹೋದ ಗಾಳಿ ಹೊರಗೂ ಬರಬೇಕಲ್ಲ.

ನಿನಗೆ ಏನು ಬೇಕು ಅಂತ ನನಗೆ ಗೊತ್ತು. ನಿನ್ನ ತಲೆ ಹಿಡಿಸೋಷ್ಟು ಅಗಲದ ಪೈಪು, ನಡುವೆ ಏನೂ ಬೇಡ, ಟರ್ಬೊದಿಂದ ಬಂಪರ್‌ತನಕ ಖಾಲಿ ಕೊಳವೆ. ಹೌದೋ ಅಲ್ವೋ? ...ನೋಡು, ಕಿವಿ ಕೆಂಪಗಾಯ್ತು. ಮೇನ್ ರೋಡ್ ದಾಟೋದ್ರೊಳಗೆ ಪೊಲೀಸ್ನೋರು ನಿಲ್ಲಿಸಿ, ಈ ಕಾರು ರಸ್ತೆಗಿಳಿಯೋ ಹಾಗಿಲ್ಲ ಅಂತ ಗಾಜಿಗೆ ಹಳದಿ ಚೀಟಿ ಅಂಟಿಸ್ತಾರೆ. ಚೀಟಿ ಬಿದ್ದ ಕಾರನ್ನ ಗಾಡಿ ಮೇಲೆ ಹೇರ್ಕೊಂಡು ಹೀತ್‌ಕೋಟ್‌ಗೆ ಹೋಗ್ತೀಯಾ? ಇಡೀ ಸೇಂಟ್ ಆಲ್ಬನ್ಸ್ ನಗತ್ತೆ. ವೆನ್ಸು ಗ್ರೆಕ್‌ನ ಸೋದರ ಸೊಸೆ ಕಾರು, ನಾಯಿ ಹಿಡಿಯೋ ವ್ಯಾನಲ್ಲಿ ಬೀದಿ ನಾಯಿ ಹೋದ ಹಾಗೆ ಹೋಯ್ತು ಅಂತ.

ನಿಮ್ಮಮ್ಮ ಸುಮ್ನಿರ್ತಾಳಾ? ಬೆಳಗಿನ ಜಾವ ನೀನು ಇದನ್ನ ಶುರು ಮಾಡಿ ಟ್ರಾಮ್ ಡಿಪೋಗೆ ಹೊರಟ್ರೆ ಅವಳು ಹಾಸಿಗೆಯಿಂದ ಎದ್ದು ನನಗೇ ಫೋನ್ ಮಾಡಿ ಉಗೀತಾಳೆ. ...ಯಾಕೆ? ನಾನು ಫೋನ್ ಎತ್ತಲ್ವಾ? ಯಾರು ಹೇಳಿದ್ದು? ...ಅಮ್ಮ ಹೇಳಿದ್ಲಾ. ಉಗಿಸ್ಕೊಳ್ಳೋಕೆ ಯಾರಮ್ಮ ಫೋನ್ ಎತ್ತುತಾರೆ? ಅವಳಿಗೆ ಹೇಳು, ಮೆಸೇಜ್ ಕಳಿಸು ಅಂತ. ಮೆಸೇಜಿನಲ್ಲಿ ಅವಳು ಒಳ್ಳೇ ಹೆಂಗಸು.

ಸರಿ, ಇಲ್ಲಿ ಕೈ ಇಡು. ಅಲ್ಲಲ್ಲ, ಕೆಳಗೆ. ಟರ್ಬೊ ಬಾಯಿಂದ ಕೆಳಗಿಳಿಯೋ ಮೊದಲ ಪೈಪು. ಇಲ್ಲೇ ಇರೋದು ಕಷ್ಟ. ಫ್ಯಾಕ್ಟರೀಲಿ ಇಲ್ಲಿ ಕಿರಿದು ಮಾಡಿದಾರೆ, ಕುತ್ತಿಗೆ ಹಿಸುಕಿದ ಹಾಗೆ. ಇದನ್ನ ಅಗಲ ಮಾಡು ಸಾಕು. ಹೊಗೆ ಸೋಸೋ ಡಬ್ಬಿ ಇರ್ಲೇಬೇಕು, ಕಾನೂನು, ಅದರ ಬಗ್ಗೆ ನನ್ನ ಹತ್ರ ಮಾತೇ ಬೇಡ. ಆದ್ರೆ ಚೆನ್ನಾಗಿ ಹರಿಯೋ ಅಂಥದ್ದು ಹಾಕೋಣ. ಅಲ್ಲಿಂದಾಚೆ ಎರಡು ಸೈಲೆನ್ಸರ್. ಎರಡು! ಒಂದಲ್ಲ. ಮುಖ ಹುಳ್ಳಗೆ ಮಾಡ್ಬೇಡ. ಕಾರು ಗುಡುಗಲಿ, ಬೇಡ ಅನ್ನಲ್ಲ, ಆದ್ರೆ ಎದೆಯಿಂದ ಗುಡುಗ್ಲಿ. ಖಾಲಿ ಡ್ರಮ್ಮಿಗೆ ಕೋಲಲ್ಲಿ ಬಡಿದ ಹಾಗಲ್ಲ. ಮಡ್‌ಗಾರ್ಡ್ ಮೇಲೆ ಅಂಗೈ ಇಟ್ರೆ ಮೊಣಕೈತನಕ ಬರಬೇಕು ಆ ಗುಡುಗು. ನಾನು ಈಗ ಹಾಗೇ ನೋಡೋದು. ಅಂಗೈ ಇಟ್ಟು.

...ಮೊದಲಿಂದಾನೂ ಹಾಗೇ ನೋಡೋದು ಅಂತ ಹೇಳ್ದೆ. ಈಗ ಅಂತ ಅಂದ್ನಾ? ಏನೋ ಬಾಯಿಗೆ ಬಂತು.

ಎಲ್ಲಿಗೆ ಎದ್ದೆ? ಕೂತ್ಕೋ, ಇನ್ನೂ ಮುಖ್ಯವಾದದ್ದೇ ಬಂದಿಲ್ಲ. ...ಏನು? ಕೆಟಲ್ಲಾ? ಕೂಗ್ತಿದೆಯಾ? ಆಗ್ಲಿಂದ್ಲಾ? ಗೊತ್ತು, ಗೊತ್ತು, ನಾನೇ ಬೇಕಂತ ಬಿಟ್ಟಿದ್ದೆ. ಚೆನ್ನಾಗಿ ಕುದಿಲಿ ಅಂತ. ನಿಮ್ಮ ಕಾಲದೋರಿಗೆ ಬೆಚ್ಚಗಾದ್ರೆ ಸಾಕು, ಅದನ್ನೇ ಟೀ ಅಂತೀರ. ಹೋಗು, ಹಾಗಾದ್ರೆ ನೀನೇ ಮಾಡ್ಕೊಂಡು ಬಾ. ನನಗೆ ಹಾಲು ಜಾಸ್ತಿ.

...ತಂದ್ಯಾ. ಅಲ್ಲಿಡು. ಟೂಲ್ ಪೆಟ್ಟಿಗೆ ಮೇಲೆ ಬೇಡ, ಕಲೆ ಬೀಳತ್ತೆ.

ಹಾಂ, ಟ್ಯೂನಿಂಗ್. ಕೇಳ್ತೀಯ ಅಂತ ಗೊತ್ತಿತ್ತು. ನಾನೇ ಹೇಳ್ಕೊಟ್ಟಿದ್ದಲ್ವಾ ನಿನಗೆ, ಗಾಳಿ, ಹೊಗೆ, ಕಿಡಿ, ಮೂರೂ ಒಂದೇ ಸಂಸಾರ ಅಂತ. ಉಸಿರು ಬದಲಾಯಿಸಿದ ಮೇಲೆ ಕಿಡಿ ಹಾರೋ ಹೊತ್ತೂ ಬದಲಾಯಿಸ್ಬೇಕು, ಇಲ್ದಿದ್ರೆ ದಂಡ. ಹೌದು. ಹಾಗಾಗಿ ಪೈಪು, ಪೆಟ್ಟಿಗೆ ಎಲ್ಲಾ ನಾನು ಕೂರಿಸ್ತೀನಿ. ನಾಡಿದ್ದು ನೀನು ಕಾರು ತಗೊಂಡು ಸನ್‌ಶೈನ್‌ಗೆ ಹೋಗು. ತ್ರುಂಗ್ ಹತ್ರ. ಅವನಿಗೆ ಹೇಳಿಟ್ಟಿದೀನಿ. ಉರುಳೆ ಮೇಲೆ ಹತ್ತಿಸಿ, ನಿಂತಲ್ಲೇ ಓಡಿಸಿ, ಕಂಪ್ಯೂಟರ್ ಸಿಗಿಸಿ, ಮಧ್ಯಾಹ್ನದೊಳಗೆ ಮುಗಿಸ್ಕೊಡ್ತಾನೆ.

...ಯಾಕೆ ಹಾಗೆ ನೋಡ್ತಿದೀಯ?

ತ್ರುಂಗ್ ಅಂತಾನೇ ಅಂದೆ. ಹೌದು. ನನ್ನ ಹತ್ರ ಕೆಲಸ ಕಲ್ತೋನೇ. ‘ಲ್ಯಾಪ್‌ಟಾಪ್ ಡಾಕ್ಟರ್’ ಅಂತ ಹೆಸರಿಟ್ಟೋನು ನಾನೇ, ಒಪ್ಕೋತೀನಿ. ಕ್ರಿಸ್‌ಮಸ್ ಊಟದಲ್ಲಿ ಎಲ್ಲರ ಮುಂದೆ ಅವನನ್ನ ಆಡ್ಕೊಂಡೋನೂ ನಾನೇ. ತಮಾಷೆಗೆ ಕಣೇ! ಹುಡುಗ ಒಳ್ಳೇ ಕೆಲಸಗಾರ. ಗುರುವನ್ನ ಮೀರಿಸಿದಾನೆ. ...ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂದ್ರೆ? ಹೊಗಳಿದ್ರೆ ತಲೆ ಮೇಲೆ ಕೂರ್ತಾನೆ ಅಂತ.

ನಾನೇ ಮಾಡ್ಬೇಕಾ? ಯಾಕೆ ನಾನೇ? ...ಅದೆಲ್ಲ ಸರಿ ರೋಮಿ, ನಿನ್ನ ಮೊದಲನೇ ಕಾರು, ಆ ತುಕ್ಕು ಡಬ್ಬಾನೂ ನಾನೇ ಟ್ಯೂನ್ ಮಾಡಿದ್ದೆ, ಮರೆತಿಲ್ಲ. ಆದ್ರೆ ನನ್ನ ಮಂಡಿ ನೋಡು, ಸೀಟಿಂದ ಇಳಿದು ಹತ್ತಿ, ಇಳಿದು ಹತ್ತಿ... ಇಲ್ಲಿರೋ ನನ್ನ ಉರುಳೆ ಬೇರೆ ಸರಿಯಿಲ್ಲ. ...ಮೊನ್ನೆ ತಿರುಗ್ತಿತ್ತಾ? ಯಾವಾಗ ನೋಡಿದೆ? ತಿರುಗತ್ತೆ, ಆದ್ರೆ ಬೇರಿಂಗ್ ಸದ್ದು ಮಾಡ್ತಿದೆ. ...ಮಾಡ್ತಿಲ್ವಾ. ನಿನಗೇನು ಗೊತ್ತು? ಟ್ರಾಮ್ ಓಡ್ಸೋಳು!

ಮೊಳೆಗೆ ನೇತು ಹಾಕಿರೋದು ಅದೇ, ಇಂಜಿನ್ ಸದ್ದು ಕೇಳೋ ತಾಮ್ರದ ಕೊಳವೆ. ಮುಟ್ಬೇಡ, ಧೂಳಿದೆ. ...ಹೌದು, ಚಳಿಗಾಲದಿಂದ ಅಲ್ಲೇ ಇದೆ. ರಬ್ಬರ್ ಪೈಪು ಬಿರುಕು ಬಿಟ್ಟಿದೆ, ಅದಕ್ಕೇ ಉಪಯೋಗಿಸ್ತಿಲ್ಲ. ...ಎಲ್ಲಿ ಬಿರುಕು? ಅಲ್ಲೇ ಎಲ್ಲೋ ಇರ್ಬೇಕು. ಎಳೆದು ನೋಡ್ಬೇಡ!

ಅಯ್ಯೋ, ನೆನಪಿದೆಯಾ ನಿನಗೆ? ಶಾಲೆ ಬಟ್ಟೇಲಿ ಬಂದು ನಿಂತಿದ್ದೆ, ನಾನೂ ಮಾಡ್ತೀನಿ ಅಂತ. ಕಿವಿಗವಸು ನಿನ್ನ ತಲೆಗೆ ದೊಡ್ಡದಾಗಿ ಕೆನ್ನೆ ಮೇಲೆ ಜಾರ್ತಿತ್ತು. ಈ ತಾಮ್ರದ ಕೊಳವೆ ತುದಿ ಚಪ್ಪಟೆ ಮಾಡಿ, ತೂತು ಕೊರೆದು, ಇಂಜಿನ್ನಿಗೆ ಬೋಲ್ಟ್ ಹಾಕಿ ಬಿಗಿದಿದ್ದೆ. ಕೊಳವೆಯಿಂದ ರಬ್ಬರ್ ಪೈಪು, ಪೈಪಿಂದ ಕಿವಿಗವಸು. ಡಾಕ್ಟರು ಎದೆ ನೋಡೋ ಹಾಗೆ. ‘ಮಾವ, ಇಂಜಿನ್ ಹೊಟ್ಟೇಲಿ ಏನೇನೋ ಮಾತಾಡ್ತಿದೆ’ ಅಂದಿದ್ದೆ ನೀನು. ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಹಿಂದಿನಿಂದ ನಾನು ಸಣ್ಣ ಸ್ಪ್ಯಾನರಲ್ಲಿ ಇಂಜಿನ್ನಿಗೆ ಮೆಲ್ಲಗೆ ಬಡಿಯೋದು, ಕೇಳಿದ ತಕ್ಷಣ ನೀನು ಬೆರಳೆತ್ತೋದು. ಒಂದೂ ತಪ್ಪಲಿಲ್ಲ ನೀನು. ಒಂದೂ! ಉಗುರಲ್ಲಿ ಗೀಚಿದ್ರೂ ಬೆರಳೆತ್ತಿದೆ. ಅಂಥ ಕಿವಿ ಇಟ್ಕೊಂಡು ಹೋಗಿ ಟ್ರಾಮ್ ಹತ್ತಿದೆಯಲ್ಲ, ಇವತ್ತಿಗೂ ನನಗೆ ಹೊಟ್ಟೆ ಉರಿಯತ್ತೆ.

ಹಾಂ. ಎಲ್ಲರಿಗೂ ಅದೇ ಪರೀಕ್ಷೆ. ತ್ರುಂಗ್‌ಗೂ ಅದೇ. ಕಿಟಕಿ ಗಾಜಲ್ಲಿ ಇಣುಕಿ ನೋಡಿ ಬೆರಳೆತ್ತಿದ ಒಬ್ಬನನ್ನ ಅವತ್ತೇ ಮನೆಗೆ ಕಳಿಸಿದೆ. ಯಾಕೆ ಅಂದ್ರೆ ಇದು ಆಟ ಅಲ್ಲ. ಕಿಡಿ ಸ್ವಲ್ಪ ಮುಂಚೆ ಹಾರಿಸಿದ್ರೆ ಬಲ ಬರತ್ತೆ, ಇನ್ನೂ ಸ್ವಲ್ಪ ಮುಂಚೆ ಅಂದ್ರೆ ಇನ್ನೂ ಬಲ ಬರತ್ತೆ, ಆಸೆ ಬಿದ್ದು ಒಂದು ಕೂದಲು ಜಾಸ್ತಿ ತಿರುಗಿಸಿದ್ಯೋ, ನಾಕಿಂಗ್ ಶುರು. ಟಿನ್ನಿನೊಳಗೆ ಒಣ ಕಡಲೆ ಅಲ್ಲಾಡಿಸಿದ ಹಾಗೆ, ಟಕ ಟಕ ಟಕ. ಅಷ್ಟು ಸಣ್ಣ ಸದ್ದು. ಅದು ಕೇಳ್ಲಿಲ್ವೋ, ಪಿಸ್ಟನ್ ಒಡೆದು ಇಂಜಿನ್ ಕಸ. ಕಂಪ್ಯೂಟರಿಗೂ ಕಿವಿ ಇಟ್ಟಿದಾರೆ, ಇಲ್ಲ ಅನ್ನಲ್ಲ, ಆದ್ರೆ ಅದು ಕೆಲವು ಸಲ ಸುಮ್ಸುಮ್ನೆ ಬೆಚ್ಚಿ ಬೀಳತ್ತೆ, ಕೆಲವು ಸಲ ಮಲಗಿರತ್ತೆ. ಮನುಷ್ಯನ ಕಿವೀನೇ ಬೇಕು. ಅದಕ್ಕೇ ಈ ಗ್ಯಾರೇಜಿನ ಕಾನೂನು, ಪರೀಕ್ಷೆ ಪಾಸಾಗದೆ ಯಾರೂ ಟೈಮಿಂಗ್ ಮುಟ್ಟೋ ಹಾಗಿಲ್ಲ. ಯಾರೂ ಅಂದ್ರೆ ಯಾರೂ.

...ಏನು?

ನಾನಾ? ನನಗೆ ಪರೀಕ್ಷೆನಾ? ಏಯ್, ಸುಮ್ನಿರು! ಚೆನ್ನಾಗಿದೆ ಇದು. ಪರೀಕ್ಷೆ ಕಂಡುಹಿಡಿದೋನಿಗೇ ಪರೀಕ್ಷೆ! ...ಯಾರೂ ಅಂದ್ರೆ ಯಾರೂ ಅಂತ ನಾನೇ ಅಂದೆ, ನಿಜ. ಆದ್ರೆ ಅದು ಬೇರೆಯೋರಿಗೆ ಹೇಳಿದ ಮಾತು. ...ಹೆದರಿಕೆನಾ? ನನಗಾ? ನಿನ್ನಂಥೋರ ಮೂಗು ಒರೆಸಿ ಬೆಳೆಸಿದೋನು ನಾನು. ನಿನಗೆ ಹೆದರ್ತೀನಾ?

...ಪಾಸಾದ್ರೆ ಬಾಯಿ ಮುಚ್ಕೊಂಡು ತ್ರುಂಗ್ ಹತ್ರ ಹೋಗ್ತೀಯಾ? ಕೆಂಪು ಐಸ್‌ಕ್ರೀಮೂ ವಾಪಸ್ ಕೊಡ್ತೀಯಾ? ಅಂಗಡೀಗೆ? ...ಕೈ ಮೇಲೆ ಕೈ ಇಟ್ಟು ಹೇಳು. ಸರಿ. ಕೊಡು ಇಲ್ಲಿ.

ನಿಲ್ಲು, ನಿಲ್ಲು. ಎಲ್ಲಿ ನಿಲ್ಬೇಕು ಅಂತ ನಾನು ಹೇಳ್ತೀನಿ. ಆ ಕಡೆ ಬೇಡ, ಕತ್ತಲೆ. ಈ ಗೋಡೆ ಕಡೆ ನಿಲ್ತೀನಿ, ಬಿಸಿಲು ಬೆನ್ನಿಗೆ ಹಿತವಾಗಿದೆ. ಶಟರ್ ಎಳೀಬೇಡ! ಹಾಗೇ ಇರ್ಲಿ, ಸಂಜೆ ಬಿಸಿಲು ಬರ್ಲಿ ಒಳಗೆ. ಮಂಡಿಗೆ ಒಳ್ಳೇದು. ನೀನು ಅಲ್ಲೇ ಬಾಗಿಲ ಕಡೆ, ಕಾರಿನ ಮುಂದೆ ನಿಲ್ಲು. ಹಾಂ, ಹಾಗೆ. ಇಂಜಿನ್ ಬಂದ್ ಇರ್ಲಿ. ಕೊಳವೆ ಬಿಗಿದ್ಯಾ? ಬೋಲ್ಟ್ ಗಟ್ಟಿಯಾಗಿ ಬಿಗಿ, ಸಡಿಲ ಆದ್ರೆ ಸದ್ದು ಬರಲ್ಲ. ಯಾವ ಸ್ಪ್ಯಾನರ್ ತಗೊಂಡೆ, ತೋರಿಸು. ...ಅದೇ. ಮೆಲ್ಲಗೆ ಬಡಿ. ನಾನೇನು ಕಿವುಡ ಅಲ್ಲ.

ಹಾಕ್ಕೊಂಡೆ. ಎರಡೂ ಕಿವಿ ಭದ್ರವಾಗಿ ಮುಚ್ಚಿದೆ. ಇನ್ನು ನೀನು ಬೈದ್ರೂ ನನಗೆ ಕೇಳಲ್ಲ, ಬೈಯೋದಿದ್ರೆ ಬೈದು ಮುಗಿಸು. ಶುರು ಮಾಡು!

...ಇದು.

ಇದು ಇನ್ನೊಂದು. ಏನಂದೆ ನಾನು? ಏನಂದೆ?

...ಇದು. ಎಷ್ಟು ಮೆಲ್ಲಗೆ ಬಡೀತೀಯೋ ಬಡಿ! ಇರುವೆ ನಡೆದ್ರೂ ಹೇಳ್ತೀನಿ. ವೆನ್ಸು ಗ್ರೆಕ್‌ನ ಹತ್ರ ಆಟವಾ? ...ಇದು. ಒಳ್ಳೇ ಸದ್ದು, ಗಟ್ಟಿ ಕಬ್ಬಿಣ, ಇಂಜಿನ್ ಆರೋಗ್ಯವಾಗಿದೆ ನಿಂದು. ...ಇದು. ಮತ್ತೆ ಇದು. ಬೇಗ ಬೇಗ ಬಡಿದು ತಪ್ಪಿಸೋಣ ಅಂತಾನಾ? ಇದು, ಇದು... ಹಹ್ಹ! ನೋಡಿದ್ಯಾ ಬೆರಳು? ತಪ್ಪಿತಾ ಒಂದಾದ್ರೂ? ಟೀ ಆರೋದ್ರೊಳಗೆ ಪಾಸು! ಈಗ ಹೋಗು ನಿನ್ನ ಲ್ಯಾಪ್‌ಟಾಪ್ ಡಾಕ್ಟರ್ ಹತ್ರ, ಹೋಗಿ ಹೇಳು ಅವನಿಗೆ, ಮುದುಕ ಇನ್ನೂ...

...ಯಾಕೆ ನಿಲ್ಲಿಸ್ದೆ?

ಬಡಿ. ನಿಂತ್ಕೊಂಡಿದೀನಲ್ಲ, ಬಡಿ. ಕೈ ನೋವಾ? ...ರೋಮಿ? ತಿರುಗ್ತೀನಿ ನೋಡು. ತಿರುಗ್ದೆ.

ಏನಾಯ್ತೇ? ಯಾಕೆ ಹಾಗೆ ಮರದ ಹಾಗೆ ನಿಂತಿದೀಯ? ಪಾಸಾದೆ ತಾನೇ? ಏನಾದ್ರೂ ಹೇಳು.

...ಆ ಕೊಳವೆ ಯಾಕೆ ನಿನ್ನ ಕೈಲಿದೆ?

ಬೋಲ್ಟ್ ಹಾಕು ಅಂದಿದ್ನಲ್ಲ. ಇಂಜಿನ್ನಿಗೆ ಬಿಗೀಲೇ ಇಲ್ವಾ ನೀನು? ಹಾಗಾದ್ರೆ ಆಗ್ಲಿಂದ ಸ್ಪ್ಯಾನರ್... ಸ್ಪ್ಯಾನರ್ ಎಲ್ಲಿಗೆ ಬಡೀತಿದ್ದೆ?

...ಗಾಳಿಗಾ.

ಎಲ್ಲಾನೂ? ಒಂದಾದ್ರೂ ಕಬ್ಬಿಣಕ್ಕೆ ಬಡಿದ್ಯಾ, ರೋಮಿ? ಒಂದು? ...ಬಾಯಿ ಬಿಟ್ಟು ಹೇಳು. ತಲೆ ಅಲ್ಲಾಡಿಸ್ಬೇಡ.

ಹೂಂ.

ಇರು, ಇದನ್ನ ತೆಗೀತೀನಿ. ಕಿವಿ ಬೆವರ್ತಿದೆ. ...ಕೂತ್ಕೋತೀನಿ ಸ್ವಲ್ಪ.

ನೆರಳು ಕಾಣ್ತಿತ್ತು ಕಣೇ. ಗೋಡೆ ಮೇಲೆ, ನಿನ್ನ ನೆರಳು. ಕೈ ಇಳಿದಾಗೆಲ್ಲ ಬೆರಳೆತ್ತಿದೆ. ಇಣುಕಿ ನೋಡಿದೋನನ್ನ ಮನೆಗೆ ಕಳಿಸಿದೋನು ನಾನು, ಈಗ ನನ್ನನ್ನ ಯಾರು ಕಳಿಸ್ತಾರೆ? ನಮ್ಮನೆ ಈ ಗ್ಯಾರೇಜಿನ ಹಿಂದೇನೇ ಇದೆಯಲ್ಲ... ನಗಬೇಕಿತ್ತು ನೀನು ಇದಕ್ಕೆ.

ಮಾತು ಕೇಳ್ಸತ್ತೆ. ಪೂರ್ತಿ ಹೋಗಿಲ್ಲ. ದಪ್ಪ ಸದ್ದು ಬರತ್ತೆ, ಗುಂಯ್ ಅಂತ, ನೀರೊಳಗಿಂದ ಬಂದ ಹಾಗೆ. ನಿನ್ನ ತುಟಿ ನೋಡಿ ಉಳಿದಿದ್ದು ಕೂಡಿಸ್ಕೋತೀನಿ. ಸಣ್ಣ ಸದ್ದುಗಳು ಹೋದ್ವು. ಕೆಟಲ್ ಕೂಗೋದು ಹೋಯ್ತು. ಹಕ್ಕಿ ಹೋಯ್ತು. ನಾಕಿಂಗ್ ಹೋಯ್ತು. ಚಳಿಗಾಲದಲ್ಲಿ ಒಂದು ದಿನ ಕಿವಿಗವಸು ಹಾಕ್ಕೊಂಡು ಕೂತಿದೀನಿ, ಇಂಜಿನ್ ಸುಖವಾಗಿ ಓಡ್ತಿದೆ ಅಂದ್ಕೊಂಡಿದೀನಿ, ಕಂಪ್ಯೂಟರ್ ಪರದೆ ಮೇಲೆ ನಾಕಿಂಗ್ ಅಂತ ಕೆಂಪು ದೀಪ ಹೊಡ್ಕೋತಿದೆ. ಆಗ್ಲೇ ಕಾಲು ತೆಗೆದೆ, ಬಂದ್ ಮಾಡ್ದೆ. ಇಂಜಿನ್ನಿಗೆ ಏನೂ ಆಗ್ಲಿಲ್ಲ. ಅವತ್ತೇ ಈ ಕೊಳವೇನ ಮೊಳೆಗೆ ನೇತು ಹಾಕಿದೆ. ಅವತ್ತಿಂದ ಬಂದೋರನ್ನೆಲ್ಲ ತ್ರುಂಗ್ ಹತ್ರ ಕಳಿಸ್ತಿದೀನಿ, ಒಬ್ಬೊಬ್ಬರಿಗೆ ಒಂದೊಂದು ಕಥೆ ಹೇಳಿ.

ಯಾರಿಗೂ ಹೇಳಿಲ್ಲ. ಚೆಟ್ಟೀನಾಗೂ ಇಲ್ಲ. ಅವಳು ನಾನು ಅವಳ ಮಾತು ಕೇಳಿಸ್ಕೊಳ್ಳಲ್ಲ ಅಂತ ಮೊದಲಿಂದ್ಲೂ ಅಂತಾಳೆ, ಹಾಗಾಗಿ ಗೊತ್ತಾಗಿಲ್ಲ.

ನಾಚಿಕೆ ಆಗಿತ್ತು ರೋಮಿ. ಈ ಊರಲ್ಲಿ ನನ್ನನ್ನ ಯಾರೂ ಮೆಕ್ಯಾನಿಕ್ ಅನ್ನಲ್ಲ, ಕಿವಿ ವೆನ್ಸು ಅಂತಾರೆ. ಕಿವಿ ಇಲ್ಲದ ಕಿವಿ ವೆನ್ಸು ಅಂದ್ರೆ ಯಾರು? ಪೈಪ್ ಬಿಗಿಯೋ ಒಬ್ಬ ಮುದುಕ. ಬೇರೆಯೋರ ಮುಂದೆ ಹೇಗೋ ತಳ್ದೆ. ನೀನು ಕೇಳಿದಾಗ ಮಾತ್ರ... ಹೂಂ ಅಂದುಬಿಡೋಣ ಅಂತ ಒಂದು ಗಳಿಗೆ ಆಸೆ ಆಯ್ತು, ನಿಜ ಹೇಳ್ತೀನಿ. ನಿನ್ನ ಕಾರು ಕಣೇ. ನಾನೇ ಮಾಡ್ಬೇಕು ಅಂತ ನನಗಿಲ್ವಾ? ಆದ್ರೆ ಹೀತ್‌ಕೋಟ್‌ನಲ್ಲಿ ಅರ್ಧ ದಾರೀಲಿ ನಿನ್ನ ಇಂಜಿನ್ ಒಡೆದು, ಎಣ್ಣೆ ಚೆಲ್ಲಿ, ಅದೇ ಎಣ್ಣೆ ಮೇಲೆ ನಿನ್ನ ಚಕ್ರ ಜಾರಿ... ಬೇಡ. ಅದಕ್ಕೇ ತ್ರುಂಗ್.

ಯಾವಾಗ ಗೊತ್ತಾಯ್ತು ನಿನಗೆ? ...ಈಗ್ಲೇನಾ? ...ಮೊದಲೇ. ಟೋಪಿ ತೆಗಿ ಅಂದಾಗ. ಅಷ್ಟು ಹೊತ್ತಿಂದ ನನ್ನ ಕುಣಿಸ್ತಿದ್ದೆ ಹಾಗಾದ್ರೆ. ಕಳ್ಳಿ!

ರೋಮಿ. ಏಯ್, ರೋಮಿ. ಆ ಕಡೆ ಯಾಕೆ ತಿರುಗ್ದೆ? ಭುಜ ಅಲ್ಲಾಡ್ತಿರೋದು ಕಾಣ್ತಿದೆ ನನಗೆ. ಅಳೋದಾದ್ರೆ ಈ ಕಡೆ ಮುಖ ಮಾಡಿ ಅಳು, ತಾಯಿ. ಬೆನ್ನು ತಿರುಗಿಸಿ ಅತ್ರೆ ನನಗೆ ಕೇಳ್ಸಲ್ಲ.

...ಹಾಂ. ತಗೋ, ಒರೆಸ್ಕೋ. ಅದಲ್ಲ, ಅದರಲ್ಲಿ ಗ್ರೀಸ್ ಇದೆ. ಇದು.

ಏನು ಹೇಳ್ತಿದೀಯ? ನಿಧಾನ, ಮುಖ ತೋರಿಸಿ ಹೇಳು. ...ಇಬ್ಬರೂ ಸೇರಿನಾ? ...ನೀನು ಕೇಳೋದು, ನಾನು ತಿರುಗಿಸೋದು. ನಿನಗೆ ತಲೆ ಕೆಟ್ಟಿದೆಯಾ? ನಾಕಿಂಗ್ ಕೇಳಿ ಎಷ್ಟು ವರ್ಷ ಆಯ್ತು ನಿನಗೆ? ವಾರವೆಲ್ಲ ಆ ಟ್ರಾಮಿನ ಕಿರ್ರ್ ಕಿರ್ರ್ ಕೇಳಿ ಕೇಳಿ ನಿನ್ನ ಕಿವೀನೂ ತುಕ್ಕು ಹಿಡಿದಿರತ್ತೆ. ...ನೋಡೋಣ ಅಂದ್ರೆ? ನೋಡೋಣ ಅಂದ್ರೆ ಏನು? ಇಲ್ಲೊಂದು ಕಾನೂನು ಇದೆ. ಗೊತ್ತಲ್ಲ.

ಕೊಡು ಆ ಸ್ಪ್ಯಾನರ್.

ಕೊಳವೇನೂ ಕೊಡು. ಈ ಸಲ ನಾನೇ ಬಿಗೀತೀನಿ, ನಿನ್ನ ನಂಬೋ ಹಾಗಿಲ್ಲ. ...ತಗೋ, ಹಾಕ್ಕೋ ತಲೆಗೆ. ಈಗ ಸರಿಯಾಗಿ ಕೂತ್ಕೊಳ್ತು, ಕೆನ್ನೆಗೆ ಜಾರ್ತಿಲ್ಲ. ಹೋಗು, ಗೋಡೆಗೆ ಮುಖ ಮಾಡಿ ನಿಲ್ಲು.

ತಡಿ, ತಡಿ. ಶಟರ್ ಎಳೀತೀನಿ. ನೆರಳು ನೋಡೋ ಚಾಳಿ ನಮ್ಮ ಮನೆತನದಲ್ಲೇ ಇದೆ.